ಗೋವಾದ ಹೋಟೆಲಿನಲ್ಲಿ ಕೆಲಸ. ಇಂಗ್ಲಿಷ್ ಗ್ರಾಮರ್ ಗೊತ್ತು, ಗೆಸ್ಟ್ ಜೊತೆ ಮಾತು ಬರುತ್ತಿಲ್ಲ. ಸ್ಪೋಕನ್ ಇಂಗ್ಲಿಷ್ ಕೋರ್ಸ್ ಸೇರಲೇ?

ಬೇಡ. ನೀವು ಹೇಳುತ್ತಿರುವುದು ಮಾತಿನ ತೊಂದರೆಯೇ ಅಲ್ಲ, ಕಿವಿಯದ್ದು. ನಾನು ಗದಗ ಕಡೆಯವನು, ಕನ್ನಡ ಮೀಡಿಯಂ, ಕಲಂಗುಟ್‌ನ ಒಂದು ಹೋಟೆಲಿನ ರಿಸೆಪ್ಶನ್‌ನಲ್ಲಿ ನಿಮ್ಮ ಹಾಗೇ ಬೆವರುತ್ತಾ ನಿಂತವನು.

ನಮ್ಮ ಕಾಲಕ್ಕೆ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ಶುರುವಾಗುತ್ತಿತ್ತು. ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಲ್ಲ ಬಾಯಿಪಾಠ. ಆದರೆ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಇಂಗ್ಲಿಷಿನಲ್ಲಿ ಇಬ್ಬರು ಮಾತಾಡಿಕೊಳ್ಳುವುದನ್ನು ನಾನು ಕೇಳಿಯೇ ಇರಲಿಲ್ಲ. ಮೇಷ್ಟ್ರು 'ವಾಟ್ ಡು ಯು ವಾಂಟ್ ಟು ಡು' ಅಂತ ಬಿಡಿಸಿ ಬಿಡಿಸಿ ಓದುತ್ತಿದ್ದರು. ಗೆಸ್ಟ್ ಬಾಯಲ್ಲಿ ಅದೇ 'ವಾಡ್ಯವಾನಡೂ' ಆಗಿರುತ್ತದೆ. ನಾವು ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಟ್ಟು ಮಾತಾಡುವವರು. ಅವರು ಮುಖ್ಯವಾದ ಪದ ಒತ್ತಿ ಹೇಳಿ ಟು, ಆಫ್, ಹ್ಯಾವ್, ಕ್ಯಾನ್ ಎಲ್ಲವನ್ನೂ ಅರ್ಧ ನುಂಗಿಬಿಡುತ್ತಾರೆ. ಇದನ್ನು ಯಾವ ಗ್ರಾಮರ್ ಪುಸ್ತಕದಲ್ಲೂ ನನಗೆ ಹೇಳಿಕೊಡಲಿಲ್ಲ.

ಒಂದು ರಾತ್ರಿ ರೂಮಿನಿಂದ ಫೋನ್ ಬಂತು. ಇಂಗ್ಲೆಂಡಿನ ವಯಸ್ಸಾದ ದಂಪತಿ, ಮಾರನೇ ಬೆಳಿಗ್ಗೆ ಊರಿಗೆ ಹೊರಟವರು. ನನ್ನ ಕಿವಿಗೆ ಬಿದ್ದದ್ದು ಟ್ಯಾಕ್ಸಿ, ಏರ್‌ಪೋರ್ಟ್, ಮಾರ್ನಿಂಗ್, ಇಷ್ಟೇ. ಟ್ಯಾಕ್ಸಿ ಆಗಲೇ ಬುಕ್ ಆಗಿತ್ತು, ಅದನ್ನೇ ಕೇಳುತ್ತಿದ್ದಾರೆ ಅಂದುಕೊಂಡು 'ಎಸ್ ಸರ್, ನೋ ಪ್ರಾಬ್ಲಮ್' ಅಂದೆ. ಅವರು ಹೇಳಿದ್ದು ಟ್ಯಾಕ್ಸಿ ಬುಕ್ ಆದ ಟೈಮಿಗಿಂತ ಎರಡು ಗಂಟೆ ಮುಂಚೆ ಬರಲಿ ಅಂತ. ದಾಬೋಲಿಂ ಏರ್‌ಪೋರ್ಟ್ ಅಲ್ಲಿಂದ ಸುಮಾರು 40 ಕಿಲೋಮೀಟರ್. ದಾರಿಯಲ್ಲಿ ಸಿಗುವ ಜುವಾರಿ ನದಿಯ ಹೊಸ ಸೇತುವೆ ಶುರುವಾದದ್ದು 2022ರ ಕೊನೆಗೆ, ಇದು ಅದಕ್ಕೂ ಮುಂಚಿನ ಮಾತು, ಹಳೇ ಸೇತುವೆಯಲ್ಲಿ ಗಾಡಿ ಸಿಕ್ಕಿಕೊಂಡರೆ ಮುಗಿಯಿತು. ವಿಮಾನ ತಪ್ಪಿತು. ನನ್ನನ್ನು ಸ್ಟೋರ್ ರೂಮಿಗೆ ಹಾಕಿದರು, ಟಿಪ್ಸೂ ಹೋಯಿತು.

ಇಲ್ಲಿ ತಪ್ಪು ಯಾವುದು ಅಂತ ಸರಿಯಾಗಿ ನೋಡಿ. ಇಂಗ್ಲಿಷ್ ಬರದೇ ಇದ್ದದ್ದಲ್ಲ, ಅರ್ಥ ಆಗದೆ ಎಸ್ ಅಂದದ್ದು. 'ಸಾರಿ ಸರ್, ವಾಟ್ ಟೈಮ್?' ಅಂತ ಕೇಳುವಷ್ಟು ಇಂಗ್ಲಿಷ್ ನನಗೆ ಚೆನ್ನಾಗಿಯೇ ಬರುತ್ತಿತ್ತು. ಕೇಳಲಿಲ್ಲ. ಯಾಕೆಂದರೆ ಶಾಲೆಯಲ್ಲಿ 'ಅರ್ಥ ಆಯ್ತಾ?' ಅಂದ ತಕ್ಷಣ ಇಡೀ ಕ್ಲಾಸು 'ಆಯ್ತು ಸಾರ್' ಅಂತ ಕೂಗುತ್ತಿತ್ತು, ಆಗಲಿಲ್ಲ ಅಂತ ಎದ್ದು ನಿಂತವನು ದಡ್ಡ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಆ ಭಯ ಇನ್ನೂ ಜಾಸ್ತಿ. ಅದೇ ಅಭ್ಯಾಸ ಫೋನ್ ಹಿಡಿದಾಗಲೂ ಬಾಯಿಗೆ ಬಂತು.

ಅದೇ ನಾನು ಕೊಂಕಣಿ ಹೇಗೆ ಕಲಿತೆ ಹೇಳಿ? ಮಾಪುಸಾದ ಶುಕ್ರವಾರದ ಸಂತೆಯಲ್ಲಿ, ಗೋವಾ ಸರ್ಕಾರದ ಕದಂಬ ಬಸ್ಸಿನಲ್ಲಿ. ಗೊತ್ತಾಗದಿದ್ದರೆ 'ಕಿತೆಂ?', ಅಂದರೆ ಏನು, ಅಂತ ಹತ್ತು ಸಲ ಕೇಳುತ್ತಿದ್ದೆ, ಒಂಚೂರೂ ನಾಚಿಕೆ ಇರಲಿಲ್ಲ. ಮೀನು ಮಾರುವ ಹೆಂಗಸೂ ಬೇಸರ ಇಲ್ಲದೆ ಮತ್ತೆ ಹೇಳುತ್ತಿದ್ದಳು. ಇಂಗ್ಲಿಷ್ ಮುಂದೆ ಮಾತ್ರ ಯಾಕೆ ತಲೆ ತಗ್ಗಿಸಬೇಕು?

ಕೋರ್ಸಿಗೆ ಹೋದರೆ ಮತ್ತೆ ಅದೇ ಬೆಂಚು. ಎಲ್ಲರೂ ನಿಧಾನವಾಗಿ, ಬಿಡಿಸಿ ಮಾತಾಡುತ್ತಾರೆ. ನೀವು ನಿಮ್ಮ ಪರಿಚಯ ಬಾಯಿಪಾಠ ಮಾಡಿ ಒಪ್ಪಿಸುತ್ತೀರಿ, ಅಷ್ಟೇ. ಅದರ ಬದಲು ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಇದೆ, ಪುಕ್ಕಟೆ, ಮಾತಿನ ಬರಹವೂ ಜೊತೆಗೇ ಸಿಗುತ್ತದೆ. ಬರಹ ನೋಡದೆ ಒಂದೇ ನಿಮಿಷ ಕೇಳಿ, ಕೇಳಿಸಿದ್ದನ್ನು ಬರೆದುಕೊಳ್ಳಿ. ಆಮೇಲೆ ಬರಹ ತೆಗೆದು ಯಾವ ಪದ ನುಂಗಿದ್ದಾರೆ ಅಂತ ಹುಡುಕಿ, ಅದು ಕಿವಿಗೆ ಬೀಳುವ ತನಕ ಅದೇ ನಿಮಿಷ ತಿರುಗಿಸಿ ಕೇಳಿ. ಸ್ಟೋರ್ ರೂಮಿನಲ್ಲಿ ಕೂತು ನಾನು ಮಾಡಿದ್ದು ಇದನ್ನೇ, ಅದರಿಂದಲೇ ರಿಸೆಪ್ಶನ್‌ಗೆ ವಾಪಸ್ ಬಂದೆ.

ಡ್ಯೂಟಿಯಲ್ಲಿ ಟೈಮು, ರೂಮ್ ನಂಬರು, ತಾರೀಖು ಮೂರನ್ನೂ ಗೆಸ್ಟ್‌ಗೆ ತಿರುಗಿ ಹೇಳಿ, ಅವರು ಹೌದು ಅಂದ ಮೇಲೆಯೇ ಫೋನ್ ಇಡಿ. ಮಳೆಗಾಲದಲ್ಲಿ ಗೆಸ್ಟ್ ಕಮ್ಮಿ. ಅಕ್ಟೋಬರ್ ಸೀಸನ್ ಬರುವುದರೊಳಗೆ ಸಾಕಷ್ಟು ಕೇಳಿ ಮುಗಿಸಬಹುದು.