ಓದುಗರ ಪ್ರಶ್ನೆ: ಹೆಡ್‌ಫೋನಿನಲ್ಲಿ ಸದ್ದೇ ಸಾಲದು

ಪ್ರಶ್ನೆ: ಸಿಡಿ ಪ್ಲೇಯರ್ ಹಿಂದಿನ ಕೆಂಪು-ಬಿಳಿ ಆರ್‌ಸಿಎ ಸಾಕೆಟ್‌ಗೆ ಅಡಾಪ್ಟರ್ ಹಾಕಿ 32 ಓಮ್ ಹೆಡ್‌ಫೋನ್ ಜೋಡಿಸಿದ್ದೇನೆ. ಸದ್ದು ತೀರಾ ಕಡಿಮೆ. ಹೆಡ್‌ಫೋನ್ ಕೆಟ್ಟಿದೆಯೇ?

ಉತ್ತರ: ಇಲ್ಲ, ಜೋಡಣೆಯೇ ತಪ್ಪು. ಅದು ಲೈನ್ ಔಟ್, ಆಂಪ್ಲಿಫೈಯರಿಗೆ ಸಿಗ್ನಲ್ ಕೊಡಲಷ್ಟೇ ಇರುವುದು. ಅಲ್ಲಿ ಸಾಮಾನ್ಯವಾಗಿ 2 ವೋಲ್ಟ್ ಬರುತ್ತದೆ, ನಿಜ. ಆದರೆ ಒಳಗೆ ಸರಣಿಯಲ್ಲಿ 470 ಓಮ್ ರೆಸಿಸ್ಟರ್ ಇದೆ ಎಂದುಕೊಳ್ಳಿ: ಹೆಡ್‌ಫೋನಿಗೆ ದಕ್ಕುವುದು 2×32/(470+32), ಅಂದರೆ ಸುಮಾರು 0.13 ವೋಲ್ಟ್. 24 ಡೆಸಿಬೆಲ್ ಖೋತಾ! ಆಂಪ್ಲಿಫೈಯರಿನ ಮುಂಭಾಗದ 6.3 ಮಿ.ಮೀ. ಜಾಕ್ ಬಳಸಿ, ಇಲ್ಲವೇ ನಡುವೆ ಹೆಡ್‌ಫೋನ್ ಆಂಪ್ ಇಡಿ. ವಾಲ್ಯೂಮ್ ಸೊನ್ನೆಗಿಳಿಸಿಯೇ ಜೋಡಿಸಿ, ಕಿವಿ ಜೋಪಾನ. ಆಗ ಗಾಯಕರ ದನಿ ಮಾತ್ರ ಮಾಯವಾಗಿದ್ದರೆ ಪ್ಲಗ್ ಪೂರ್ತಿ ಕೂತಿಲ್ಲ, ಅಥವಾ ಗ್ರೌಂಡ್ ತಂತಿ (ಎಡ-ಬಲ ಎರಡೂ ಕಿವಿಗೆ ಸೇರಿದ ಸಮಾನ ತಂತಿ) ಬಿಟ್ಟುಕೊಂಡಿದೆ.