ಓದುಗರ ಪ್ರಶ್ನೆಗಳು: ಅರಸ್ ನದಿಯ ದಂಡೆಯ ಖುದಾ ಆಫರೀನ್

ಪ್ರಶ್ನೆ: 2024ರ ಮೇ ತಿಂಗಳಲ್ಲಿ ಇರಾನಿನ ಅಧ್ಯಕ್ಷ ಇಬ್ರಾಹಿಂ ರಯೀಸಿಯವರು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡಾಗ ಸುದ್ದಿಗಳಲ್ಲಿ ಖುದಾ ಆಫರೀನ್, ವರ್ಜಕಾನ್ ಎಂಬ ಹೆಸರುಗಳು ಬಂದವು. ಅವನ್ನು ಕೆಲವರು ಜಿಲ್ಲೆ ಎಂದು ಬರೆದರು, ಕೆಲವರು ಕೌಂಟಿ ಎಂದರು. ನಮ್ಮ ಲೆಕ್ಕದಲ್ಲಿ ಅವು ಜಿಲ್ಲೆಗಳೇ, ತಾಲ್ಲೂಕುಗಳೇ? (ಹುಮನಾಬಾದಿನ ಓದುಗರೊಬ್ಬರು)

ಉತ್ತರ: ಎರಡೂ ಇರಾನಿನ ವಾಯವ್ಯ ಮೂಲೆಯ ಪೂರ್ವ ಅಜರ್‌ಬೈಜಾನ್ ಪ್ರಾಂತ್ಯಕ್ಕೆ ಸೇರಿದ ಶಹರೆಸ್ತಾನ್‌ಗಳು. ಮೇ 19ರಂದು ರಯೀಸಿಯವರು ನೆರೆಯ ಅಜರ್‌ಬೈಜಾನ್ ಗಣರಾಜ್ಯದ ಅಧ್ಯಕ್ಷ ಇಲ್ಹಾಮ್ ಅಲಿಯೇವ್ ಅವರೊಂದಿಗೆ ಅರಸ್ ನದಿಯ ಮೇಲಿನ ಕಿಜ್ ಕಲಾಸಿ ಅಣೆಕಟ್ಟನ್ನು ಉದ್ಘಾಟಿಸಿದರು. ಆ ಅಣೆಕಟ್ಟಿನ ದಕ್ಷಿಣ ದಂಡೆ ಖುದಾ ಆಫರೀನ್ ಶಹರೆಸ್ತಾನಿನಲ್ಲಿದೆ. ಅಲ್ಲಿಂದ ಪ್ರಾಂತ್ಯದ ರಾಜಧಾನಿ ತಬ್ರೀಜ್ ಕಡೆಗೆ ಹೊರಟ ಹೆಲಿಕಾಪ್ಟರ್ ದಾರಿಯಲ್ಲಿ ವರ್ಜಕಾನ್ ಶಹರೆಸ್ತಾನಿನ ಬೆಟ್ಟಗಳಲ್ಲಿ ಬಿದ್ದಿತು.

ಇರಾನಿನ ಆಡಳಿತ ವಿಭಾಗಗಳನ್ನು ಮೇಲಿನಿಂದ ಕೆಳಕ್ಕೆ ಹೀಗೆ ಎಣಿಸಬಹುದು. ದೇಶವು 31 ಒಸ್ತಾನ್‌ಗಳಾಗಿ, ಎಂದರೆ ಪ್ರಾಂತ್ಯಗಳಾಗಿ ಹಂಚಿಹೋಗಿದೆ. ಒಸ್ತಾನ್ ಒಳಗೆ ಶಹರೆಸ್ತಾನ್‌ಗಳು, ಶಹರೆಸ್ತಾನ್ ಒಳಗೆ ಬಖ್ಶ್‌ಗಳು, ಬಖ್ಶ್ ಒಳಗೆ ಪಟ್ಟಣಗಳು ಮತ್ತು ಹಲವು ಹಳ್ಳಿಗಳನ್ನು ಕೂಡಿಸಿದ ದೆಹೆಸ್ತಾನ್‌ಗಳು ಬರುತ್ತವೆ. ಪ್ರಾಂತ್ಯಕ್ಕೆ ಒಸ್ತಾನ್‌ದಾರ್, ಶಹರೆಸ್ತಾನಿಗೆ ಫರ್ಮಾನ್‌ದಾರ್, ಬಖ್ಶ್‌ಗೆ ಬಖ್ಶ್‌ದಾರ್ ಮುಖ್ಯಸ್ಥರು. ಇವರೆಲ್ಲರೂ ಮೇಲಿನಿಂದ ನೇಮಕವಾಗಿ ಬರುವ ಅಧಿಕಾರಿಗಳೇ ಹೊರತು ಜನರಿಂದ ಆಯ್ಕೆಯಾದವರಲ್ಲ. ಚುನಾಯಿತ ಊರ ಮಂಡಳಿಗಳು ಕಾರ್ಯರೂಪಕ್ಕೆ ಬಂದದ್ದು 1999ರಲ್ಲಿ. ಹಳ್ಳಿಯ ದೈನಂದಿನ ಕೆಲಸ ನೋಡಿಕೊಳ್ಳುವ ದೆಹ್ಯಾರ್ ಎಂಬುವರನ್ನು ಆ ಮಂಡಳಿಯೇ ಆರಿಸುತ್ತದೆ.

ಪ್ರಾಂತ್ಯದ ನೇರ ಕೆಳಗಿನ ಹಂತವಾದ್ದರಿಂದ ಶಹರೆಸ್ತಾನನ್ನು ಜಿಲ್ಲೆ ಎನ್ನುವುದು ತಪ್ಪಲ್ಲ. ಆದರೆ ಗಾತ್ರವನ್ನು ನೋಡಿದರೆ ಆ ಮಾತು ನಮ್ಮ ಓದುಗರ ಮನಸ್ಸಿನಲ್ಲಿ ಬೇರೆಯದೇ ಚಿತ್ರವನ್ನು ಮೂಡಿಸುತ್ತದೆ. 2011ರ ಗಣತಿಯಂತೆ ಯಾದಗಿರಿ ಜಿಲ್ಲೆಯಲ್ಲಿ 11 ಲಕ್ಷಕ್ಕೂ ಹೆಚ್ಚು ಜನರಿದ್ದರು. ಇಡೀ ಖುದಾ ಆಫರೀನ್ ಶಹರೆಸ್ತಾನಿನಲ್ಲಿ ಇರುವವರು 30ರಿಂದ 35 ಸಾವಿರ, ಎಂದರೆ ನಮ್ಮಲ್ಲಿ ಒಂದು ದೊಡ್ಡ ಹೋಬಳಿಯಷ್ಟು ಜನ. ಬಹುಪಾಲು ಎಲ್ಲರೂ ಹಳ್ಳಿಗಳಲ್ಲಿಯೇ ವಾಸಿಸುತ್ತಾರೆ. ಕೇಂದ್ರಸ್ಥಾನವಾದ ಖೊಮಾರ್ಲು ಕೂಡ ಸಣ್ಣ ಊರು. ಶಹರೆಸ್ತಾನಿನಲ್ಲಿ ಕೇಂದ್ರ ಬಖ್ಶ್, ಗರಮ್‌ದೂಜ್ ಮತ್ತು ಮಿಂಜವಾನ್ ಎಂದು ಮೂರು ಬಖ್ಶ್‌ಗಳಿವೆ. ಜಿಲ್ಲೆ, ತಾಲ್ಲೂಕು ಎಂಬ ಎರಡೂ ಪದಗಳನ್ನು ಬಿಟ್ಟು ಶಹರೆಸ್ತಾನ್ ಎಂದೇ ಬರೆಯುವುದು ನನ್ನ ಅಭಿಪ್ರಾಯದಲ್ಲಿ ಉತ್ತಮ. ಉರ್ದು ಬಲ್ಲ ನಮ್ಮ ಭಾಗದವರಿಗೆ ಅದರೊಳಗಿನ ಶಹರ ಅಪರಿಚಿತವೇನಲ್ಲ.

ಪ್ರಶ್ನೆ: ಇದು ಈಚೆಗೆ ರಚನೆಯಾದ ಶಹರೆಸ್ತಾನ್ ಎಂದು ಓದಿದೆ. ಹಾಗಿದ್ದರೆ ಅದಕ್ಕೆ ತನ್ನದೇ ಆದ ಚರಿತ್ರೆ ಎಂಬುದೊಂದು ಇದೆಯೇ? (ಸುರಪುರದ ಓದುಗರೊಬ್ಬರು)

ಉತ್ತರ: ಕಚೇರಿಯ ದೃಷ್ಟಿಯಿಂದ ಅದು ಹೊಸದೇ ಸರಿ. 2006ರ ಜನಗಣತಿಯಲ್ಲಿ ಅದು ದಕ್ಷಿಣಕ್ಕಿರುವ ಕಲೈಬರ್ ಶಹರೆಸ್ತಾನಿನ ಒಂದು ಭಾಗವಾಗಿತ್ತು, 2011ರ ಗಣತಿಯ ಹೊತ್ತಿಗೆ ಬೇರೆಯಾಗಿತ್ತು. ಕಲಬುರಗಿಯಿಂದ ಯಾದಗಿರಿ ಬೇರ್ಪಟ್ಟದ್ದೂ ಈ ಎರಡು ಗಣತಿಗಳ ನಡುವೆಯೇ. ಯಾದಗಿರಿ ಜಿಲ್ಲೆ ಹೊಸದಾದ ಮಾತ್ರಕ್ಕೆ ಸುರಪುರದ ನಾಯಕರ ಚರಿತ್ರೆ ಹೊಸದಾಗುವುದಿಲ್ಲ ಎಂಬುದು ತಮಗೆ ತಿಳಿದೇ ಇದೆ. ಅದೇ ರೀತಿಯಲ್ಲಿ ಖುದಾ ಆಫರೀನ್ ಚರಿತ್ರೆಯನ್ನು ಓದಬೇಕಾದರೆ ಶಹರೆಸ್ತಾನಿನ ಗಡಿಯನ್ನು ಪಕ್ಕಕ್ಕಿಟ್ಟು, ಅದು ಸೇರಿದ ಕಾರಾದಾಗ್ ಎಂಬ ಗುಡ್ಡಗಾಡು ಸೀಮೆಯನ್ನು ನೋಡಬೇಕು. ಇಂದು ಅದನ್ನು ಅಧಿಕೃತವಾಗಿ ಅರಸ್‌ಬಾರಾನ್ ಎನ್ನುತ್ತಾರೆ.

ಈ ಸೀಮೆಯ ಹೆಸರು ಇಸ್ಲಾಮೀ ಚರಿತ್ರೆಯಲ್ಲಿ ದೊಡ್ಡದಾಗಿ ಕೇಳಿಬರುವುದು 9ನೇ ಶತಮಾನದಲ್ಲಿ. ಅಬ್ಬಾಸಿ ಖಲೀಫರ ವಿರುದ್ಧ ಎದ್ದು ನಿಂತ ಬಾಬಕ್ ಖುರ್ರಮ್‌ದೀನ್ ಎಂಬಾತ ಕಲೈಬರ್ ಬಳಿಯ ದುರ್ಗಮವಾದ ಕೋಟೆಯಲ್ಲಿ ನೆಲೆಯೂರಿ ಸುಮಾರು 20 ವರ್ಷ ಖಲೀಫರ ಸೇನೆಗಳನ್ನು ತಡೆದನು. 837ರಲ್ಲಿ ಸೇನಾಪತಿ ಅಫ್ಶೀನನು ಕೋಟೆಯನ್ನು ಗೆದ್ದುಕೊಂಡ ಮೇಲೆ, 838ರಲ್ಲಿ ಬಾಬಕನನ್ನು ಸಾಮರ್ರಾ ನಗರದಲ್ಲಿ ಕೊಲ್ಲಿಸಲಾಯಿತು.

ಶಹರೆಸ್ತಾನಿಗೆ ಹೆಸರು ತಂದುಕೊಟ್ಟದ್ದು ಅರಸ್ ನದಿಯ ಮೇಲಿನ ಎರಡು ಹಳೆಯ ಕಲ್ಲು ಸೇತುವೆಗಳು. 15 ಕಮಾನುಗಳ ಸೇತುವೆಯನ್ನು 11 ಅಥವಾ 12ನೇ ಶತಮಾನದ್ದೆಂದೂ 11 ಕಮಾನುಗಳದ್ದನ್ನು 13ನೇ ಶತಮಾನದ್ದೆಂದೂ ಸಾಮಾನ್ಯವಾಗಿ ಗುರುತಿಸುತ್ತಾರೆ. ಚಿಕ್ಕದು ಬಹುಮಟ್ಟಿಗೆ ಕುಸಿದಿದೆ, ದೊಡ್ಡದು ಇಂದಿಗೂ ನಿಂತಿದೆ. ಇವು ಕಟ್ಟಿದಾಗ ಗಡಿಯ ಸೇತುವೆಗಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ನದಿಯ ಆಚೆಯ ಕಾರಾಬಾಖ್ ಮತ್ತು ಈಚೆಯ ಕಾರಾದಾಗ್ ನಡುವೆ ವ್ಯಾಪಾರಿಗಳು, ಸೈನ್ಯಗಳು, ಕುರಿಹಿಂಡುಗಳು ಓಡಾಡುತ್ತಿದ್ದ ಹೆದ್ದಾರಿ ಇದಾಗಿತ್ತು. ಚಳಿಗಾಲದಲ್ಲಿ ನದಿಯ ಬದಿಯ ಬೆಚ್ಚನೆಯ ತಗ್ಗಿನ ನೆಲದಲ್ಲಿ, ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲುಗಳಲ್ಲಿ ಮಂದೆ ಕಾಯುವ ಕುಲಗಳ ಬದುಕು ಇಲ್ಲಿಯ ಆರ್ಥಿಕತೆಯ ಬುನಾದಿಯಾಗಿತ್ತು. ಆ ಚಳಿಗಾಲದ ಬೀಡುಗಳನ್ನು ಕಿಶ್ಲಾಕ್ ಎನ್ನುತ್ತಾರೆ. ಆ ಪ್ರಾಂತ್ಯದ ನಕ್ಷೆಯ ಮೇಲೆ ಕಣ್ಣಾಡಿಸಿದರೆ ಎಷ್ಟೋ ಹಳ್ಳಿಗಳ ಹೆಸರಿನಲ್ಲಿ ಈ ಪದ ಇಂದಿಗೂ ಕಾಣಸಿಗುತ್ತದೆ.

ನದಿ ಗಡಿಯಾದದ್ದು 19ನೇ ಶತಮಾನದಲ್ಲಿ. ರಷ್ಯಾ ಮತ್ತು ಇರಾನಿನ ಕಾಜಾರ್ ದೊರೆಗಳ ನಡುವೆ ನಡೆದ ಮೊದಲ ಯುದ್ಧ 1813ರ ಗುಲಿಸ್ತಾನ್ ಒಪ್ಪಂದದಲ್ಲಿ ಮುಗಿದಾಗ ಕಾರಾಬಾಖ್ ರಷ್ಯಾದ ಪಾಲಾಯಿತು. ಎರಡನೆಯ ಯುದ್ಧದ ನಂತರ 1828ರ ತುರ್ಕಮಾಂಚಾಯ್ ಒಪ್ಪಂದದಲ್ಲಿ ಎರೆವಾನ್ ಮತ್ತು ನಖಿಚೆವಾನ್ ಸೀಮೆಗಳೂ ಹೋದವು. ಅಜೇರಿ ಎಂಬ ಒಂದೇ ಭಾಷೆಯಾಡುವ ಜನ ಎರಡು ರಾಜ್ಯಗಳ ಪ್ರಜೆಗಳಾದರು. ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿಲ್ಲ ಎಂದೇ ನಾನು ತಿಳಿಯುತ್ತೇನೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆಯ ಉದಗೀರ್, ನಿಲಂಗಾ ತಾಲ್ಲೂಕುಗಳು ಒಂದು ಕಡೆಗೆ, ಜಹೀರಾಬಾದ್, ನಾರಾಯಣಖೇಡ್ ಇನ್ನೊಂದು ಕಡೆಗೆ ಹೋದವು. ಆದರೂ ನಂಟರ ಮನೆಗೆ ಹೋಗಲು ಯಾರಿಗೂ ರಹದಾರಿ ಬೇಕಾಗಲಿಲ್ಲ. ಅರಸ್ ನದಿಯ ಎರಡು ದಂಡೆಯವರಿಗೆ, ಅದರಲ್ಲೂ ಸೋವಿಯತ್ ಕಾಲದಲ್ಲಿ, ಆ ಅವಕಾಶ ಇರಲಿಲ್ಲ.

ಮುಂದಿನ ಶತಮಾನದಲ್ಲಿ ಆಡಳಿತದ ಗೆರೆಗಳು ಬೇಗ ಬೇಗ ಬದಲಾದವು. ಕಾಜಾರರ ಕಾಲದಲ್ಲಿ ಇಡೀ ಇರಾನೀ ಅಜರ್‌ಬೈಜಾನ್ ಒಂದೇ ಪ್ರಾಂತ್ಯವಾಗಿದ್ದು, ಯುವರಾಜನು ತಬ್ರೀಜಿನಲ್ಲಿದ್ದು ಆಳುವ ಪದ್ಧತಿಯಿತ್ತು. ಕಾಜಾರರ ನಂತರ ಬಂದ ರೆಜಾ ಶಾಹನ ಸರ್ಕಾರ 1937ರ ಕಾನೂನು ಮತ್ತು 1938ರ ಆರಂಭದ ಅದರ ತಿದ್ದುಪಡಿಯ ಮೂಲಕ ಹಳೆಯ ಪ್ರಾಂತ್ಯಗಳನ್ನು ಒಡೆದು ಅಂಕಿಗಳಿಂದ ಕರೆಯುವ ಒಸ್ತಾನ್‌ಗಳನ್ನು ಮಾಡಿತು. ಅಜರ್‌ಬೈಜಾನಿನ ಪೂರ್ವ ಭಾಗ ಮೂರನೆಯ ಒಸ್ತಾನ್, ಪಶ್ಚಿಮ ಭಾಗ ನಾಲ್ಕನೆಯ ಒಸ್ತಾನ್ ಆಯಿತು. ಹಳೆಯ ಹೆಸರುಗಳು ಮುಂದೆ ಮರಳಿ ಬಂದವು. 1993ರಲ್ಲಿ ಪೂರ್ವ ಅಜರ್‌ಬೈಜಾನಿನಿಂದ ಅರ್ದಬೀಲ್ ಪ್ರಾಂತ್ಯ ಬೇರೆಯಾಯಿತು.

ಎದುರು ದಂಡೆಯಲ್ಲಿರುವ ಅಜರ್‌ಬೈಜಾನ್ ಗಣರಾಜ್ಯದ ಜಬ್ರಾಯಿಲ್ ಜಿಲ್ಲೆಯನ್ನು 1993ರಲ್ಲಿ, ಕಾರಾಬಾಖ್ ಯುದ್ಧದ ವೇಳೆ, ಅರ್ಮೇನಿಯನ್ ಪಡೆಗಳು ಹಿಡಿದುಕೊಂಡವು. 2020ರ ಅಕ್ಟೋಬರಿನಲ್ಲಿ ಅಜರ್‌ಬೈಜಾನ್ ಸೇನೆ ಸೇತುವೆಯ ಆಚೆ ತುದಿಯವರೆಗೆ ಮರಳಿ ಬರುವ ತನಕ, 27 ವರ್ಷ ಆ ದಂಡೆಯ ಅಜೇರಿ ಹಳ್ಳಿಗಳು ಬರಿದಾಗಿದ್ದವು. ಕಿಜ್ ಕಲಾಸಿ ಅಣೆಕಟ್ಟನ್ನು ಎರಡೂ ದೇಶದ ಅಧ್ಯಕ್ಷರು ಕೂಡಿ ಉದ್ಘಾಟಿಸಲು ಸಾಧ್ಯವಾದದ್ದು ಈ ಬದಲಾವಣೆಯ ನಂತರವೇ.

ಪ್ರಶ್ನೆ: ಇರಾನಿನ ಭಾಷೆ ಫಾರ್ಸಿ ಎಂದು ಶಾಲೆಯಲ್ಲಿ ಓದಿದ್ದೇವೆ. ಅಜೇರಿ ಎಂಬುದು ಫಾರ್ಸಿಯ ಒಂದು ಉಪಭಾಷೆಯೇ? ನಮ್ಮಲ್ಲಿ ಉರ್ದು ಓದಬಲ್ಲವರಿಗೆ ಅದು ಅರ್ಥವಾಗುತ್ತದೆಯೇ? (ಭಾಲ್ಕಿಯ ಓದುಗರೊಬ್ಬರು)

ಉತ್ತರ: ಉಪಭಾಷೆ ಅಲ್ಲ, ಎರಡಕ್ಕೂ ಕುಲ ಸಂಬಂಧವೂ ಇಲ್ಲ. ಫಾರ್ಸಿ ಹಿಂದಿ, ಮರಾಠಿಗಳಂತೆ ಇಂಡೋ-ಯುರೋಪಿಯನ್ ಕುಟುಂಬದ್ದು. ಅಜೇರಿ ತುರ್ಕಿ ಕುಟುಂಬದ ಒಗುಜ್ ಶಾಖೆಗೆ ಸೇರಿದ್ದು, ಟರ್ಕಿ ದೇಶದ ಭಾಷೆಗೂ ತುರ್ಕಮೆನ್ ಭಾಷೆಗೂ ಹತ್ತಿರದ್ದು. ಇರಾನಿನಲ್ಲಿ ಅದನ್ನಾಡುವವರು ತಮ್ಮ ಭಾಷೆಯನ್ನು ಸಾಮಾನ್ಯವಾಗಿ ತುರ್ಕಿ ಎಂದೇ ಕರೆಯುತ್ತಾರೆ.

ಅದರ ರಚನೆ ಕನ್ನಡಿಗರಿಗೆ ಫಾರ್ಸಿಗಿಂತ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ. ಎರಡೂ ಒಂದೇ ಕುಲದವು ಎಂದು ಇದರಿಂದ ತೀರ್ಮಾನಿಸಬಾರದು, ಪ್ರತ್ಯಯಗಳನ್ನು ಒಂದರ ಹಿಂದೊಂದು ಜೋಡಿಸುವ ರೀತಿ ಮಾತ್ರ ಸಮಾನ. ಎವ್ ಎಂದರೆ ಮನೆ, ಎವ್ಲೆರ್ ಎಂದರೆ ಮನೆಗಳು, ಎವ್ಲೆರಿಮಿಜ್ ಎಂದರೆ ನಮ್ಮ ಮನೆಗಳು, ಎವ್ಲೆರಿಮಿಜ್‌ದೆ ಎಂದರೆ ನಮ್ಮ ಮನೆಗಳಲ್ಲಿ. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ನಮ್ಮಲ್ಲಿಲ್ಲದ ಒಂದು ನಿಯಮವೆಂದರೆ ಸ್ವರಗಳ ಹೊಂದಾಣಿಕೆ. ಮೂಲ ಪದದ ಸ್ವರ ಹೇಗಿದೆಯೋ ಪ್ರತ್ಯಯದ ಸ್ವರವೂ ಹಾಗೆ ಬದಲಾಗುವುದರಿಂದ, ಮನೆಗೆ ಎವ್ಲೆರ್ ಎಂಬ ಬಹುವಚನವಾದರೆ ದಾಗ್ ಎಂಬ ಬೆಟ್ಟಕ್ಕೆ ದಾಗ್ಲಾರ್ ಆಗುತ್ತದೆ.

ಇರಾನಿನಲ್ಲಿ ಈ ಭಾಷೆಯನ್ನು ಅರಬ್ಬೀ-ಫಾರ್ಸಿ ಲಿಪಿಯಲ್ಲಿಯೇ ಬರೆಯುತ್ತಾರೆ. ಉರ್ದು ಬಲ್ಲ ತಾವು ಅಕ್ಷರಗಳನ್ನು ಕೂಡಿಸಿ ಓದಬಲ್ಲಿರಿ. ಕಿತಾಬ್, ದೋಸ್ತ್, ಬಾಜಾರ್‌ನಂಥ ಪದಗಳು ಅಲ್ಲಲ್ಲಿ ಗುರುತಿಗೆ ಸಿಗುತ್ತವೆ. ವಾಕ್ಯದ ಅರ್ಥ ಮಾತ್ರ ಕಲಿಯದೆ ದಕ್ಕುವುದಿಲ್ಲ. ನದಿಯ ಆಚೆ ಅದೇ ಭಾಷೆಯ ಲಿಪಿ 1920ರ ದಶಕದ ಕೊನೆಯಲ್ಲಿ ಲ್ಯಾಟಿನ್‌ಗೆ, 1940ರ ಸುಮಾರಿಗೆ ರಷ್ಯನ್ನರ ಸಿರಿಲಿಕ್‌ಗೆ, 1991ರ ನಂತರ ಮತ್ತೆ ಲ್ಯಾಟಿನ್‌ಗೆ ಬದಲಾಯಿತು. ಹೀಗಾಗಿ ಎರಡು ದಂಡೆಯವರು ಪರಸ್ಪರ ಮಾತನಾಡಿಕೊಳ್ಳಬಲ್ಲರು, ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲು ಬೇರೆ ಲಿಪಿಯನ್ನು ಕಲಿಯಬೇಕು.

ತುರ್ಕಿ ಭಾಷೆ ಈ ನೆಲದ ಮೊದಲ ಭಾಷೆಯೂ ಅಲ್ಲ. 11ನೇ ಶತಮಾನದಲ್ಲಿ ಸೆಲ್ಜೂಕರೆಂಬ ತುರ್ಕಿ ದೊರೆಗಳೊಂದಿಗೆ ಒಗುಜ್ ಕುಲಗಳು ಬಂದು ನೆಲೆಸುವ ಮೊದಲು ಇಲ್ಲಿ ಫಾರ್ಸಿಯ ದಾಯಾದಿಯಾದ ಒಂದು ಇರಾನೀ ನುಡಿ ಇತ್ತು. ಅದನ್ನು ಪ್ರಾಚೀನ ಆಜರಿ ಎನ್ನುತ್ತಾರೆ. ಅದರ ಬಂಧುವಾದ ತಾತಿ ಭಾಷೆ ಪಕ್ಕದ ವರ್ಜಕಾನ್ ಶಹರೆಸ್ತಾನಿನ ಕರಿಂಗಾನ್ ಹಳ್ಳಿಯಲ್ಲಿ ಆಧುನಿಕ ಕಾಲದವರೆಗೂ ಉಳಿದು ಬಂದಿದೆ. ಈ ಇತಿಹಾಸವನ್ನು ಮುಂದಿಟ್ಟುಕೊಂಡು ಇಂದಿನ ಅಜೇರಿ ಮಾತು ಅಲ್ಲಿಗೆ ಪರಕೀಯ ಎಂದು ವಾದಿಸುವವರಿದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಎಂಟು ಒಂಬತ್ತು ಶತಮಾನ ಒಂದು ನೆಲದಲ್ಲಿ ಬೆಳೆದ ಭಾಷೆ ಆ ನೆಲದ್ದೇ. 1501ರಲ್ಲಿ ತಬ್ರೀಜಿನಲ್ಲಿ ಪಟ್ಟಕ್ಕೆ ಬಂದು ಸಫವಿ ರಾಜ್ಯವನ್ನು ಸ್ಥಾಪಿಸಿದ ಶಾಹ್ ಇಸ್ಮಾಯಿಲ್ ಖತಾಯಿ ಎಂಬ ಕಾವ್ಯನಾಮದಲ್ಲಿ ಈ ಭಾಷೆಯಲ್ಲಿ ಪದ್ಯ ಬರೆದನು. ಕಾರಾದಾಗ್ ಸೀಮೆಯಲ್ಲಿ ಸಾಜ್ ಎಂಬ ತಂತಿವಾದ್ಯ ನುಡಿಸುತ್ತ ಪ್ರೇಮ ಮತ್ತು ವೀರರ ಕಥೆಗಳನ್ನು ಹಾಡುವ ಆಶಿಕ್ ಎಂಬ ಗಾಯಕರ ಪರಂಪರೆ ಇಂದಿಗೂ ಜೀವಂತವಾಗಿದೆ. ಮದುವೆಗೆ ಆಶಿಕ್‌ನನ್ನು ಕರೆಸುವುದು ಅಲ್ಲಿಯ ರೂಢಿ.

ಪ್ರಶ್ನೆ: ಅಲ್ಲಿಯ ಮಕ್ಕಳು ಶಾಲೆಯಲ್ಲಿ ತಮ್ಮ ಭಾಷೆಯನ್ನು ಕಲಿಯುತ್ತಾರೆಯೇ? (ಸೇಡಂನ ಶಿಕ್ಷಕಿಯೊಬ್ಬರು)

ಉತ್ತರ: ಇಲ್ಲ. ಶಿಕ್ಷಣದ ಮಾಧ್ಯಮ ಫಾರ್ಸಿ. ಇರಾನಿನ 1979ರ ಸಂವಿಧಾನದ 15ನೇ ವಿಧಿ ಫಾರ್ಸಿಯನ್ನು ಅಧಿಕೃತ ಭಾಷೆಯೆಂದು ಸಾರಿ, ಅದರ ಜೊತೆಗೆ ಪ್ರಾದೇಶಿಕ ಭಾಷೆಗಳನ್ನು ಪತ್ರಿಕೆಗಳಲ್ಲಿ ಬಳಸುವುದಕ್ಕೂ ಶಾಲೆಗಳಲ್ಲಿ ಅವುಗಳ ಸಾಹಿತ್ಯವನ್ನು ಕಲಿಸುವುದಕ್ಕೂ ಅನುಮತಿ ನೀಡುತ್ತದೆ. ಪತ್ರಿಕೆ, ಆಕಾಶವಾಣಿಗಳಲ್ಲಿ ಈ ಭಾಷೆ ಕೇಳಿಬರುತ್ತದೆ. ತರಗತಿಯೊಳಗೆ ಈ ವಿಧಿ ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದಿದೆ. ಶಾಲೆಗಳಲ್ಲಿ ಅಜೇರಿ ನಡೆದದ್ದು ಒಂದೇ ಒಂದು ವರ್ಷ: 1945ರ ಡಿಸೆಂಬರಿನಿಂದ 1946ರ ಡಿಸೆಂಬರಿನ ತನಕ, ಸೋವಿಯತ್ ಬೆಂಬಲದಿಂದ ತಬ್ರೀಜಿನಲ್ಲಿ ಜಾಫರ್ ಪಿಶೆವರಿಯವರ ಸ್ವಾಯತ್ತ ಸರ್ಕಾರವಿದ್ದಾಗ. ಆ ಸರ್ಕಾರ ಬಿದ್ದೊಡನೆ ಆ ವ್ಯವಸ್ಥೆಯೂ ಬಿದ್ದಿತು.

ನಮ್ಮ ಭಾಗದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಿಜಾಮರ ಆಡಳಿತದಲ್ಲಿ ಕಲಬುರಗಿ, ಬೀದರಿನ ಕನ್ನಡದ ಮಕ್ಕಳು ಗಣಿತ, ಭೂಗೋಳಗಳನ್ನು ಉರ್ದುವಿನಲ್ಲಿ ಕಲಿತರು, ಕಚೇರಿಯ ಅರ್ಜಿಗಳನ್ನು ಉರ್ದುವಿನಲ್ಲಿ ಬರೆದರು. ಉರ್ದು ಕಲಿತದ್ದರಿಂದ ನಷ್ಟವಾಗಲಿಲ್ಲ, ಆ ಪೀಳಿಗೆಯವರ ಉರ್ದು ಪಾಂಡಿತ್ಯ ನಮಗೆ ಹೆಮ್ಮೆಯ ವಿಷಯವೇ. ಆದರೆ ಮನೆಯ ಮಾತಿನಲ್ಲಿ ಅಕ್ಷರ ಕಲಿಯದೆ ಹಿಂದೆ ಬಿದ್ದ ಹಳ್ಳಿಯ ಮಕ್ಕಳ ಸಂಖ್ಯೆ ಅದಕ್ಕಿಂತ ಎಷ್ಟೋ ದೊಡ್ಡದಾಗಿತ್ತು. ಖುದಾ ಆಫರೀನ್‌ನಂಥ ಹಳ್ಳಿಗಾಡಿನಲ್ಲಿ ಈ ತೊಂದರೆ ನಗರಕ್ಕಿಂತ ಹೆಚ್ಚು. ತಬ್ರೀಜಿನ ಮಗುವಿಗೆ ಫಾರ್ಸಿ ಎಲ್ಲ ಕಡೆಯಿಂದ ಕಿವಿಗೆ ಬೀಳುತ್ತದೆ. ಬೆಟ್ಟದ ಹಳ್ಳಿಯ ಮಗು ಅದನ್ನು ಆಡಲು ಕಲಿಯುವುದು ಬಹುಮಟ್ಟಿಗೆ ಶಾಲೆಗೆ ಬಂದ ಮೇಲೆಯೇ. ಸಂವಿಧಾನದಲ್ಲಿ ಈಗಾಗಲೇ ಬರೆದಿರುವುದನ್ನು ಒಂದನೆಯ ತರಗತಿಯಿಂದ ಜಾರಿಗೆ ತಂದರೆ ಇರಾನಿನ ಏಕತೆಗೆ ಯಾವ ಕುಂದೂ ಬರುವುದಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಪ್ರಶ್ನೆ: ಬೀದರಿನ ಮಹಮೂದ್ ಗವಾನ್ ಇರಾನಿನವನಲ್ಲವೇ? ಅವನ ಮನೆಮಾತು ಅಜೇರಿಯೇ? (ಬೀದರಿನ ಓದುಗರೊಬ್ಬರು)

ಉತ್ತರ: ಗವಾನ್ ಬಂದದ್ದು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್‌ನಿಂದ. ಅಲ್ಲಿಯ ಗೀಲಕಿ ಭಾಷೆ ಇರಾನೀ ಕುಟುಂಬದ್ದು, ಅಜೇರಿ ಅಲ್ಲ. 1472ರಲ್ಲಿ ಪೂರ್ಣಗೊಂಡ ಅವನ ಮದರಸಾದಲ್ಲಿ ವಿದ್ಯೆಯ ಭಾಷೆಗಳು ಅರಬ್ಬೀ ಮತ್ತು ಫಾರ್ಸಿ.

ಅಜೇರಿಗೆ ಹತ್ತಿರದ ತುರ್ಕಿಯಾಡುತ್ತಿದ್ದ ಮನೆತನದ ನಂಟು ಬೀದರಿಗೆ ಬೇರೊಬ್ಬನ ಮೂಲಕ ಬಂದಿದೆ. ತಬ್ರೀಜ್ ರಾಜಧಾನಿಯಾಗಿ ಆಳಿದ ಕಾರಾ ಕೊಯುನ್ಲು ತುರ್ಕಮನ್ನರ ದೊರೆ ಜಹಾನ್ ಶಾಹ್, ಹಕೀಕಿ ಎಂಬ ಹೆಸರಿನಲ್ಲಿ ಆ ಭಾಷೆಯ ಕವಿಯೂ ಆಗಿದ್ದನು. 1467ರಲ್ಲಿ ಅವನು ಪ್ರತಿಸ್ಪರ್ಧಿಗಳಾದ ಆಕ್ ಕೊಯುನ್ಲುಗಳ ಕೈಯಲ್ಲಿ ಹತನಾದ ಮೇಲೆ ಆ ವಂಶ ಚದುರಿಹೋಯಿತು. ಆ ವಂಶಕ್ಕೆ ಸೇರಿದ ಸುಲ್ತಾನ್ ಕುಲಿ ಎಂಬ ಯುವಕ ಹಮದಾನ್ ಸೀಮೆಯಿಂದ ದಖನಿಗೆ ಬಂದು ಬೀದರಿನ ಬಹಮನಿ ಆಸ್ಥಾನದಲ್ಲಿ ಸೇವೆಗೆ ನಿಂತು, ಕುತುಬ್-ಉಲ್-ಮುಲ್ಕ್ ಎಂಬ ಬಿರುದು ಪಡೆದು, ತೆಲಂಗಾಣದ ಅಧಿಕಾರಿಯಾಗಿ, ಕೊನೆಗೆ ಗೋಲ್ಕೊಂಡದಲ್ಲಿ ಕುತುಬ್ ಶಾಹಿ ರಾಜ್ಯವನ್ನು ಕಟ್ಟಿದನು. ಆ ರಾಜ್ಯ ಮುಂದೆ ಪೋಷಿಸಿದ್ದು ಫಾರ್ಸಿ, ದಖನಿ ಮತ್ತು ತೆಲುಗು ಭಾಷೆಗಳನ್ನು. ಸುಲ್ತಾನ್ ಕುಲಿಯ ಹಿರಿಯರ ತುರ್ಕಿ ಮಾತು ದಖನಿನಲ್ಲಿ ಬೇರೂರಲಿಲ್ಲ.