ಖಾಲಿ ಬಿಟ್ಟ ಜಾಗಗಳು

ಮಾನ್ಯರೇ,

ಯಹೂದ್ಯರನ್ನು ಇಲಿಗಳಾಗಿ, ಜರ್ಮನರನ್ನು ಬೆಕ್ಕುಗಳಾಗಿ ತೋರಿಸುವ, ಅಮೆರಿಕದ ವ್ಯಂಗ್ಯಚಿತ್ರಕಾರ ಆರ್ಟ್ ಸ್ಪೀಗಲ್‌ಮನ್ ಅವರ ಕಾಮಿಕ್ಸ್ ರೂಪದ ‘ಮೌಸ್’ ಪುಸ್ತಕವನ್ನು ಮೆಚ್ಚಿ ನಾವು ಪ್ರಕಟಿಸಿದ ಲೇಖನವನ್ನು ನೀವು ಆಕ್ಷೇಪಿಸಿದ್ದೀರಿ. ಯಹೂದ್ಯರ ನರಮೇಧದಲ್ಲಿ ಬದುಕುಳಿದವರೇ ಸಾಕ್ಷ್ಯ ಬರೆದಿರುವಾಗ, ಯುದ್ಧ ಮುಗಿದ ಮೇಲೆ ಹುಟ್ಟಿದವರು ಅದನ್ನು ಇಲಿ, ಬೆಕ್ಕುಗಳ ಕಥೆಯಾಗಿಸುವುದು ಸತ್ತವರ ನೋವನ್ನು ಬಳಸಿಕೊಂಡಂತೆ ಎಂಬುದು ನಿಮ್ಮ ವಾದ. ನಾಜಿಗಳ ಶಿಬಿರಗಳನ್ನು ಕಣ್ಣೀರಿನ ಕಥೆಗೆ ಹಿನ್ನೆಲೆಯಾಗಿಸಿಕೊಂಡ ಕಾದಂಬರಿ, ಸಿನಿಮಾಗಳ ವಿಷಯದಲ್ಲಿ ಈ ಮಾತು ನಿಜ. ಸ್ಪೀಗಲ್‌ಮನ್ ಅವರ ವಿಷಯದಲ್ಲಿ ಮಾತ್ರ ಒಪ್ಪಲಾರೆ.

1948ರಲ್ಲಿ ಹುಟ್ಟಿದ ಅವರು, ನಾಜಿಗಳ ಆಶ್‌ವಿಟ್ಜ್ ಸಾವಿನ ಶಿಬಿರದಿಂದ ಬದುಕಿ ಬಂದ ತಂದೆಯನ್ನು ಕೇಳಿ ಕೇಳಿ ಈ ಕೃತಿಯನ್ನು ರಚಿಸಿದರು. ಅದೇ ಶಿಬಿರವನ್ನು ಕಂಡಿದ್ದ ತಾಯಿ 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಅವರು ಬರೆದಿಟ್ಟಿದ್ದ ದಿನಚರಿಗಳನ್ನು ಆಮೇಲೆ ತಂದೆಯೇ ಸುಟ್ಟುಹಾಕಿದ್ದರು. ಇದನ್ನು ತಿಳಿದ ಮಗ ತಂದೆಯನ್ನು ‘ಕೊಲೆಗಾರ’ ಎನ್ನುವಲ್ಲಿಗೆ 1986ರ ಮೊದಲ ಸಂಪುಟ ಮುಗಿಯುತ್ತದೆ. ಸುಟ್ಟುಹೋದ ಆ ಪುಟಗಳನ್ನು ಕಲ್ಪನೆಯಿಂದ ಮತ್ತೆ ಬರೆಯುವುದು ಅಂಥ ಕಲಾವಿದನಿಗೆ ಕಷ್ಟವೇನೂ ಆಗಿರಲಿಲ್ಲ, ಆದರೂ ಬರೆಯಲಿಲ್ಲ. 1991ರ ಎರಡನೆಯ ಸಂಪುಟದಲ್ಲಂತೂ ಅವರು ತಮ್ಮನ್ನೇ ಇಲಿಯ ಮುಖವಾಡ ಕಟ್ಟಿಕೊಂಡ ಮನುಷ್ಯನಾಗಿ, ಹೆಣಗಳ ರಾಶಿಯ ಮೇಲಿನ ಮೇಜಿಗೆ ಒರಗಿದವರಂತೆ ಚಿತ್ರಿಸಿಕೊಂಡಿದ್ದಾರೆ. ನಿಮ್ಮ ಆಕ್ಷೇಪವನ್ನು ನಿಮಗಿಂತ ಮೊದಲೇ ಅವರು ತಮಗೆ ತಾವೇ ಹಾಕಿಕೊಂಡಿದ್ದರು. ಯಹೂದ್ಯರನ್ನು ಇಲಿ, ಹೆಗ್ಗಣಗಳೆಂದು ಹಳಿದದ್ದು ನಾಜಿ ಪ್ರಚಾರವಾದ್ದರಿಂದ, ಇಲಿಯ ರೂಪವೂ ಅವರ ಹುಡುಗಾಟವಲ್ಲ. (ಪೋಲೆಂಡಿನವರನ್ನು ಹಂದಿಗಳಾಗಿ ಚಿತ್ರಿಸಿದ್ದು ಮಾತ್ರ ನನಗೂ ಹಿಡಿಸಿಲ್ಲ.)

ಇದೇ ಸಂಯಮವನ್ನು 1945ರಲ್ಲಿ ಹುಟ್ಟಿದ ಫ್ರೆಂಚ್ ಲೇಖಕ ಪ್ಯಾಟ್ರಿಕ್ ಮೊದಿಯಾನೊ ಅವರಲ್ಲೂ ಕಾಣುತ್ತೇನೆ. 1941ರ ಡಿಸೆಂಬರ್ 31ರ ಹಳೆಯ ಪತ್ರಿಕೆಯೊಂದರಲ್ಲಿ, 15 ವರ್ಷದ ಯಹೂದಿ ಹುಡುಗಿ ಡೋರಾ ಬ್ರೂಡರ್ ಕಾಣೆಯಾಗಿದ್ದಾಳೆಂದು ಹೆತ್ತವರು ಕೊಟ್ಟ ಜಾಹೀರಾತು ಅವರ ಕಣ್ಣಿಗೆ ಬಿತ್ತು. ಅವರು ಪ್ಯಾರಿಸ್ಸಿನ ದಾಖಲೆಗಳನ್ನು ವರ್ಷಗಟ್ಟಲೆ ಜಾಲಾಡಿ, ಆಕೆಯನ್ನು 1942ರ ಸೆಪ್ಟೆಂಬರಿನಲ್ಲಿ ತಂದೆಯೊಂದಿಗೆ ಆಶ್‌ವಿಟ್ಜ್‌ಗೆ ಸಾಗಿಸಿದ್ದನ್ನು ಕಂಡುಕೊಂಡರು. ತಪ್ಪಿಸಿಕೊಂಡಿದ್ದ ತಿಂಗಳುಗಳಲ್ಲಿ ಆಕೆ ಎಲ್ಲಿದ್ದಳೆಂಬುದು ಸಿಗಲಿಲ್ಲ. ಅದನ್ನು ಕಟ್ಟಿ ಹೇಳದೆ, ಕೊಂದವರೂ ಕಸಿಯಲಾಗದ ಆಕೆಯ ಗುಟ್ಟೆಂದು 1997ರ ತಮ್ಮ ಪುಸ್ತಕದಲ್ಲಿ ಹಾಗೆಯೇ ಬಿಟ್ಟರು. ವಿಯೆನ್ನಾದಲ್ಲಿ 2000ರಲ್ಲಿ ಅನಾವರಣಗೊಂಡ ಶಿಲ್ಪಿ ರೇಚೆಲ್ ವೈಟ್‌ರೀಡ್ ರಚಿಸಿದ, ಕೊಲೆಯಾದ ಯಹೂದ್ಯರ ಸ್ಮಾರಕವೂ ಇದೇ ದಾರಿಯದು: ಕಾಂಕ್ರೀಟಿನ ಆ ಗ್ರಂಥಾಲಯದ ಪುಸ್ತಕಗಳ ಬೆನ್ನು ಒಳಕ್ಕೆ ತಿರುಗಿದೆ, ಬಾಗಿಲಿಗೆ ಹಿಡಿಯಿಲ್ಲ.

ಸಾಕ್ಷ್ಯವೇ ಸಾಕು ಎನ್ನುತ್ತೀರಿ. ಆದರೆ ಆಶ್‌ವಿಟ್ಜ್‌ನಿಂದ ಬದುಕಿ ಬಂದ ಪ್ರೀಮೋ ಲೆವಿ ಅವರೇ, ನಾವು ನಿಜವಾದ ಸಾಕ್ಷಿಗಳಲ್ಲ, ತಳ ಮುಟ್ಟಿದವರು ಹಿಂತಿರುಗಲಿಲ್ಲ ಎಂಬರ್ಥದಲ್ಲಿ 1986ರಲ್ಲಿ ಬರೆದಿದ್ದಾರೆ. ಸಾಕ್ಷ್ಯದಲ್ಲೂ ಇಂಥ ಖಾಲಿ ಜಾಗವಿದೆಯೆಂದ ಮೇಲೆ, ಕೃತಿಯನ್ನು ಅಳೆಯಬೇಕಾದದ್ದು ಬರೆದವರು ಹುಟ್ಟಿದ ವರ್ಷದಿಂದಲ್ಲ, ಆ ಜಾಗದ ಮುಂದೆ ಅವರು ಹೇಗೆ ನಡೆದುಕೊಂಡರು ಎಂಬುದರಿಂದ ಎಂದು ನಾನು ತಿಳಿಯುತ್ತೇನೆ.

– ಸಂಪಾದಕ